ಬಿಯರ್ ಕಾರ್ಖಾನೆಯ ಬಾರ್ಲಿ ಹಿಪ್ಪೆ: ಸಣ್ಣ ಘಟಕ ಗಿಟ್ಟೀತೇ?

ಪ್ರಶ್ನೆ: ಹೊಸೂರು, ಡೆಂಕಣಿಕೋಟೆ ಕಡೆಯ ಹೈನುಗಾರರಾದ ನಾವು ಬಿಯರ್ ಕಾರ್ಖಾನೆಯ ಬಾರ್ಲಿ ಹಿಪ್ಪೆಯನ್ನು ಹಸುಗಳಿಗೆ ಹಾಕುತ್ತೇವೆ. ಇದರಿಂದ ಪ್ರೋಟೀನ್ ಪುಡಿ, ಕ್ಸೈಲಿಟಾಲ್ (ಸಕ್ಕರೆಗೆ ಬದಲಾಗಿ ಬಳಸುವ ಸಿಹಿ ಪದಾರ್ಥ) ಮುಂತಾದವನ್ನು ತೆಗೆಯಬಹುದಂತೆ. ನಮ್ಮ ಸಂಘವೇ ಘಟಕ ಹಾಕಿದರೆ ಗಿಟ್ಟೀತೇ?

ಉತ್ತರ: ತೆಗೆಯಬಹುದೆಂಬುದು ನಿಜ, ಗಿಟ್ಟುವುದು ಮಾತ್ರ ನೀರಿನ ಲೆಕ್ಕವನ್ನು ಅವಲಂಬಿಸಿದೆ. 100 ಲೀಟರ್ ಬಿಯರ್ ತಯಾರಾದಾಗ ಸುಮಾರು 20 ಕಿಲೋ ಹಸಿ ಹಿಪ್ಪೆ ಉಳಿಯುತ್ತದೆ. ಬಾರ್ಲಿಯ ಪಿಷ್ಟವು ಸಕ್ಕರೆಯಾಗಿ ಬಿಯರಿಗೆ ಹೋಗುವುದರಿಂದ, ಹಿಪ್ಪೆಯ ಒಣ ಪಾಲಿನಲ್ಲಿ ಶೇ. 20ರಿಂದ 30ರಷ್ಟು ಪ್ರೋಟೀನ್ ಇದ್ದು, ಮಿಕ್ಕದ್ದು ಬಹುಪಾಲು ನಾರು. ಆದರೆ ಟನ್ನು ಹಿಪ್ಪೆಯಲ್ಲಿ ಸುಮಾರು 800 ಕಿಲೋ ನೀರೇ ಇರುವುದರಿಂದ ಲಾರಿ ಬಾಡಿಗೆಯ ಹೆಚ್ಚಿನ ಪಾಲು ನೀರಿಗೇ ಹೋಗುತ್ತದೆ.

ಕೆಡದ ಪುಡಿಯಾಗಬೇಕಾದರೆ ತೇವಾಂಶವನ್ನು ಶೇ. 10ಕ್ಕೆ ಇಳಿಸಬೇಕು, ಅಂದರೆ ಟನ್ನಿಗೆ ಸುಮಾರು 780 ಕಿಲೋ ನೀರನ್ನು ಆವಿ ಮಾಡಬೇಕು, ಯಂತ್ರದ ನಷ್ಟವನ್ನು ಬಿಟ್ಟರೂ ಇದಕ್ಕೆ ಸುಮಾರು 490 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಮೊದಲು ಸ್ಕ್ರೂ ಪ್ರೆಸ್‌ನಲ್ಲಿ ಹಿಂಡಿ ತೇವಾಂಶವನ್ನು ಶೇ. 65ಕ್ಕೆ ತಂದರೆ ಈ ಖರ್ಚು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹಿಂಡಿದ ನೀರಿನಲ್ಲಿ ಸಾರವಿರುವುದರಿಂದ ಅದನ್ನು ಚರಂಡಿಗೆ ಬಿಡದೆ ಜೈವಿಕ ಅನಿಲ ಸ್ಥಾವರಕ್ಕೆ ಕೊಡಬೇಕು. ಇವೆಲ್ಲ ಕಾರ್ಖಾನೆಯ ಅಂಗಳದಲ್ಲಿಯೇ, ಅಲ್ಲಿ ವ್ಯರ್ಥವಾಗುವ ಶಾಖವನ್ನು ಬಳಸಿ ನಡೆದರೆ ಮಾತ್ರ ಹಗುರವಾಗುತ್ತವೆ.

ಪ್ರೋಟೀನನ್ನು ಕ್ಷಾರದಲ್ಲಿ ಕರಗಿಸಿ, ಆಮ್ಲ ಹಾಕಿ ತಳಕ್ಕಿಳಿಸುತ್ತಾರೆ. ಉಳಿಯುವ ಉಪ್ಪುನೀರಿನ ಶುದ್ಧೀಕರಣವೇ ಸಣ್ಣ ಘಟಕದ ಲಾಭವನ್ನು ನುಂಗೀತು. ಕ್ಸೈಲಿಟಾಲ್ ಅಂತೂ ನಾರನ್ನು ಒಡೆದು, ಅದರ ಸಕ್ಕರೆಯನ್ನು ಪರಿವರ್ತಿಸಿ, ಶುದ್ಧಗೊಳಿಸುವ ದೊಡ್ಡ ಕಾರ್ಖಾನೆಯ ಕೆಲಸ. ಬಿಯರ್ ಹುದುಗಿದ ಮೇಲೆ ಉಳಿಯುವ ಯೀಸ್ಟ್ ಗಸಿಯ ಕಥೆ ಬೇರೆ: ಇಂಗ್ಲೆಂಡಿನ ಬರ್ಟನ್‌ನಲ್ಲಿ 1902ರಿಂದ ಅದೇ ಗಸಿಯ ಸಾರ, ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ, ಪಕ್ಕದಲ್ಲೇ ಬಿಯರ್ ಕಾರ್ಖಾನೆಗಳಿದ್ದದ್ದೇ ಅದಕ್ಕೆ ಬಲ.

ಆದ್ದರಿಂದ ನಿಮ್ಮ ಸಂಘಕ್ಕೆ ಸದ್ಯ ಮೇವೇ ಸರಿ ಎಂಬುದು ನನ್ನ ಅಭಿಪ್ರಾಯ. ಹಸಿ ಹಿಪ್ಪೆ ಬೇಸಿಗೆಯಲ್ಲಿ ಒಂದೆರಡು ದಿನಕ್ಕೇ ಹುಳಿಯುತ್ತದೆ, ಬೂಷ್ಟು ಹಿಡಿದದ್ದು ಹಸುವಿಗೆ ವಿಷವೂ ಆಗಬಹುದು. ಕತ್ತರಿಸಿದ ಒಣ ರಾಗಿ ಹುಲ್ಲಿನೊಂದಿಗೆ ತುಳಿದು, ಗಾಳಿಯಾಡದಂತೆ ಮುಚ್ಚಿ ರಸಮೇವು ಮಾಡಿದರೆ ವಾರಗಟ್ಟಲೆ ಉಳಿಯುತ್ತದೆ. ದರವನ್ನು ಹಸಿ ತೂಕಕ್ಕೆ ಕಟ್ಟಬೇಡಿ. ಒಂದು ಕಿಲೋ ಹಿಪ್ಪೆಯನ್ನು ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಿ. 250 ಗ್ರಾಂ ಉಳಿಯುವ ಲೋಡು 200 ಗ್ರಾಂ ಉಳಿಯುವ ಲೋಡಿಗಿಂತ ಕಾಲುಪಾಲು ಹೆಚ್ಚು ಬೆಲೆಬಾಳುತ್ತದೆ.