ಎಲ್ಲರೂ ಕುಡಿಯೋದು ಒಂದೇ ಅಬ್ಬಿ ನೀರು, ತಮ್ಮನಿಗೆ ಮಾತ್ರ ಯಾಕೆ ಭೇದಿ?

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ ಹಳ್ಳಿ. ತಮ್ಮನಿಗೆ ಎಚ್‌ಐವಿ ಇದೆ. ಅದಕ್ಕೆ ಕೊಡುವ ಎಆರ್‌ಟಿ ಮಾತ್ರೆ ಈಗಷ್ಟೇ ಶುರುವಾಗಿದೆ. ಮೂರು ವಾರದಿಂದ ನೀರಿನ ಹಾಗೆ ಭೇದಿ. ಹುಳದ ಮಾತ್ರೆ ಕೊಟ್ಟರೂ ನಿಂತಿಲ್ಲ. ಮನೆಯವರೆಲ್ಲ ಕುಡಿಯೋದು ಗುಡ್ಡದಿಂದ ಇಳಿದು ಬರುವ ಅದೇ ಅಬ್ಬಿ ನೀರು, ನಮಗ್ಯಾರಿಗೂ ಏನೂ ಆಗಿಲ್ಲ. ಹಾಗಾದರೆ ನೀರಿನದೇನೂ ತಪ್ಪಿಲ್ಲ ಅಲ್ವಾ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ನಿಮಗೆ ಏನೂ ಆಗದಿರುವುದು ನೀರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಕ್ರಿಪ್ಟೋಸ್ಪೊರಿಡಿಯಂ ಎಂಬ ಒಂದು ಪರಾವಲಂಬಿ ಜೀವಿ ಇದೆ. ಕರುಗಳ ಸಗಣಿಯಲ್ಲೂ ಇರುತ್ತದೆ, ಮನುಷ್ಯರ ಮಲದಲ್ಲೂ ಇರುತ್ತದೆ. ಅಬ್ಬಿಯ ಮೇಲಿನ ಗುಡ್ಡದಲ್ಲಿ ದನ ಮೇಯುತ್ತವೆ, ಮಳೆ ಹೊಡೆದರೆ ಸಗಣಿ ತೊಳೆದು ಕೆಳಗೆ ಬರುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಹೊಕ್ಕರೂ ಗೊತ್ತಾಗದೇ ಹೋಗಬಹುದು, ಇಲ್ಲವೇ ಒಂದೆರಡು ವಾರ ಭೇದಿಯಾಗಿ ತಾನಾಗಿ ನಿಲ್ಲುತ್ತದೆ. ಆದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳು 100ಕ್ಕಿಂತ ಕೆಳಗಿಳಿದವರಲ್ಲಿ ಅದು ತಿಂಗಳುಗಟ್ಟಲೆ ಎಳೆದು, ಮನುಷ್ಯನನ್ನು ಒಣಗಿಸಿಬಿಡಬಹುದು.

ಇದು ಹುಳ ಅಲ್ಲ. ಅಲ್ಬೆಂಡಜೋಲ್ ಕೊಕ್ಕೆಹುಳ, ಜಂತುಹುಳಕ್ಕೆ ಒಳ್ಳೆಯ ಮಾತ್ರೆ, ಇದಕ್ಕೆ ನಾಟುವುದಿಲ್ಲ. ದಯವಿಟ್ಟು ಮತ್ತೆ ಮತ್ತೆ ಸುಮ್ನೆ ಕೊಡಬೇಡಿ.

ಕ್ಲೋರಿನ್ನಿಗೂ ಇದು ಬಗ್ಗುವುದಿಲ್ಲ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ಶುದ್ಧೀಕರಿಸಿದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನಕ್ಕೆ ಈ ಕಾಯಿಲೆ ಬಂದಿತ್ತು. ಬಟ್ಟೆಯಲ್ಲಿ ಸೋಸಿದರೆ ಸಲೀಸಾಗಿ ನುಸುಳಿ ಬರುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ನಂಬಬಹುದಾದ ದಾರಿ ಕುದಿಸುವುದು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಬಚ್ಚಲ ಹಂಡೆಯ ಬಿಸಿನೀರು ಸಾಲದು. ಹಲ್ಲುಜ್ಜಲು, ಮಜ್ಜಿಗೆಗೆ ಬೆರೆಸಲು ಕೂಡ ಕುದಿಸಿ ಆರಿಸಿದ ನೀರೇ ಆಗಲಿ. ಸದ್ಯಕ್ಕೆ ನಿಮ್ಮ ತಮ್ಮ ಕರುವಿನ ಕೆಲಸಕ್ಕೆ ಹೋಗದಿರಲಿ.

ಆದರೆ ಅವನಿಗಿರುವುದು ಇದೇ ಎಂದು ಇಲ್ಲಿ ಕೂತು ನಾನು ಹೇಳಲಾರೆ. ಸಿಸ್ಟೊಐಸೊಸ್ಪೊರಾ ಎಂಬ ಇನ್ನೊಂದು ಇದೆ, ಭೇದಿ ಇದೇ ಥರ. ಅದಕ್ಕೆ ಕೋಟ್ರೈಮಾಕ್ಸಜೋಲ್ ಎಂಬ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಕ್ರಿಪ್ಟೋಗೆ ಮಾಡುವುದಿಲ್ಲ. ಹಾಗಾಗಿ ಮಲ ಪರೀಕ್ಷೆ ಆಗಲೇಬೇಕು. ಮಾಮೂಲಿ ಪರೀಕ್ಷೆಯಲ್ಲಿ ಇವು ಕಣ್ಣಿಗೆ ಬೀಳದೇ ಹೋಗುವುದು ಜಾಸ್ತಿ. ಬೇರೆ ಬಣ್ಣ ಹಾಕಿ ನೋಡಬೇಕು, ಒಂದಕ್ಕಿಂತ ಹೆಚ್ಚು ದಿನದ ಮಾದರಿಯೂ ಬೇಕಾಗಬಹುದು. ಆದ್ದರಿಂದ ಲ್ಯಾಬಿಗೆ ನೇರ ಹೋಗದೆ, ಮಾತ್ರೆ ತರುವ ಎಆರ್‌ಟಿ ಕೇಂದ್ರದ ಡಾಕ್ಟರಿಗೇ "ಮೂರು ವಾರವಾಯಿತು" ಎಂದು ಸ್ಪಷ್ಟವಾಗಿ ಹೇಳಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಾತ್ರೆಯಿಂದಲೇ ಭೇದಿ ಎಂದುಕೊಂಡು ಎಆರ್‌ಟಿ ನಿಲ್ಲಿಸಬೇಡಿ. ಕ್ರಿಪ್ಟೋ ಆಗಿದ್ದರೆ ನಿಜವಾದ ಮದ್ದು ಅದೇ. ಸಿಡಿ4 ಮೇಲೇರಿದಂತೆ ದೇಹವೇ ಅದನ್ನು ಹೊರಹಾಕುತ್ತದೆ. ಅಲ್ಲಿಯವರೆಗೆ ಓಆರ್‌ಎಸ್, ಗಂಜಿ ಕೊಡುತ್ತಾ ಇರಿ. ಮೂತ್ರ ಕಡಿಮೆಯಾದರೆ, ಎದ್ದರೆ ತಲೆ ಸುತ್ತಿದರೆ, ಜ್ವರ ಅಥವಾ ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ತಮ್ಮನಿಗೆ ಬೇರೆ ತಟ್ಟೆ, ಬೇರೆ ಲೋಟ ಇಡಬೇಡಿ. ಎಚ್‌ಐವಿ ಹಾಗೆ ಹರಡುವುದಿಲ್ಲ. ಭೇದಿ ಮಾತ್ರ ಹರಡಬಹುದು. ಅದಕ್ಕೆ ಕಕ್ಕಸಿಗೆ ಹೋಗಿ ಬಂದವರೆಲ್ಲ ಸೋಪು ಹಾಕಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಕ್ರಿಪ್ಟೋವನ್ನು ಕೊಲ್ಲುವುದಿಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಯಾರನ್ನಾದರೂ ಕೇಳಬೇಕು ಅನ್ನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.