ನಾಯಿ ಕಚ್ಚಿದ ಗಾಯಕ್ಕೆ ಮೊದಲು ಸೋಪು ಯಾಕೆ?

ನಾಯಿ ಕಚ್ಚಿತು ಅಂತ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಗಾಯ ತೊಳೆದ್ರಾ?" ಎಷ್ಟೋ ಜನ ಹೇಳುವುದು, "ಇಲ್ಲ ಡಾಕ್ಟ್ರೇ, ಅರಿಶಿನ ಹಚ್ಚಿದ್ದೀವಿ." ಕೆಲವರು ಸುಣ್ಣ ಹಚ್ಚಿರುತ್ತಾರೆ, ಇನ್ನು ಕೆಲವರು ಖಾರದ ಪುಡಿ. ಸೋಪು ಹಾಕಿ ತೊಳೆಯಿರಿ ಅಂತ ಸುಮ್ನೆ ಹೇಳಿದರೆ ಮಾತು ಮನಸ್ಸಿಗೆ ಇಳಿಯುವುದಿಲ್ಲ. ಗಾಯದೊಳಗೆ ಹೋಗಿರುವ ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ವೈರಸ್‌ನ ಮೈ ಹೇಗಿದೆ, ಅದು ಎಲ್ಲಿಗೆ ಹೊರಟಿದೆ ಅಂತ ಗೊತ್ತಾದರೆ, ಸೋಪಿಗೂ ಇಂಜೆಕ್ಷನ್ ತಾರೀಕಿಗೂ ಇರುವ ಕಾರಣ ತಿಳಿಯುತ್ತದೆ.

ಬ್ಯಾಕ್ಟೀರಿಯಾ ಒಂದು ಪೂರ್ತಿ ಜೀವಕೋಶ. ಆಹಾರ ತಗೊಳ್ಳುತ್ತದೆ, ಬೆಳೆಯುತ್ತದೆ, ಒಡೆದು ಎರಡಾಗುತ್ತದೆ. ವೈರಸ್ ಇದ್ಯಾವುದನ್ನೂ ತಾನಾಗಿ ಮಾಡಲಾರದು. ಇನ್ನೊಂದು ಜೀವಕೋಶದ ಹೊರಗೆ ಅದು ಸುಮ್ಮನೆ ಬಿದ್ದಿರುವ ಒಂದು ಕಣ, ಅಷ್ಟೇ. ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾದ ಗೋಡೆಯನ್ನೋ ಅದು ಪ್ರೋಟೀನ್ ತಯಾರಿಸುವ ಜಾಗವನ್ನೋ ಕೆಡಿಸುತ್ತವೆ. ವೈರಸ್‌ಗೆ ಆ ಗೋಡೆಯೂ ಇಲ್ಲ, ಆ ಜಾಗವೂ ಇಲ್ಲ. ಹಾಗಾಗಿ ಅದರ ಮೇಲೆ ಆಂಟಿಬಯೋಟಿಕ್ ನಾಟುವುದಿಲ್ಲ.

ರೇಬೀಸ್ ವೈರಸ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಬಂದೂಕಿನ ಗುಂಡಿನ ಆಕಾರದಲ್ಲಿ ಕಾಣುತ್ತದೆ. ಒಂದು ತುದಿ ದುಂಡಗೆ, ಇನ್ನೊಂದು ಚಪ್ಪಟೆ. ಉದ್ದ ಸುಮಾರು 180 ನ್ಯಾನೋಮೀಟರ್. ಉದ್ದುದ್ದ ಸಾಲಾಗಿ ಜೋಡಿಸಿದರೆ 1 ಮಿಲಿಮೀಟರಿನಲ್ಲಿ 5,000ಕ್ಕೂ ಹೆಚ್ಚು ವೈರಸ್ ಹಿಡಿಸುತ್ತವೆ. ಲೂಯಿ ಪಾಶ್ಚರ್ 1885ರಲ್ಲಿ ಇದಕ್ಕೆ ಮೊದಲ ಲಸಿಕೆ ಕೊಟ್ಟಾಗ ಅವರು ಇದನ್ನು ಕಣ್ಣಿಂದ ನೋಡಿಯೇ ಇರಲಿಲ್ಲ. ನೋಡುವ ಸಾಧನವೇ ಆಗ ಇರಲಿಲ್ಲ.

ಒಳಗೆ ಆರ್‌ಎನ್‌ಎಯ, ಅಂದರೆ ವೈರಸ್ ತಯಾರಿಸುವ ಸೂಚನೆ ಬರೆದಿರುವ ಅಣುವಿನ, ಒಂದೇ ಒಂದು ಎಳೆ. ಅದರಲ್ಲಿ ಸುಮಾರು 12,000 ಅಕ್ಷರಗಳು, ಬರೀ 5 ಜೀನ್, 5 ಪ್ರೋಟೀನ್. ಒಂದು ಪ್ರೋಟೀನ್ ಆರ್‌ಎನ್‌ಎಯನ್ನು ಸುತ್ತಿಕೊಂಡು ಕಾಪಾಡುತ್ತದೆ. ಎರಡು ಸೇರಿ ನಕಲು ತೆಗೆಯುತ್ತವೆ. ಇನ್ನೊಂದು ಒಳಗಿನದನ್ನೂ ಹೊದಿಕೆಯನ್ನೂ ಸೇರಿಸಿ ಹಿಡಿಯುತ್ತದೆ. ಐದನೆಯದು ಹೊರಗೆ ಮುಳ್ಳುಗಳಾಗಿ ಚಾಚಿಕೊಂಡಿರುತ್ತದೆ. ಈ ಮುಳ್ಳನ್ನು ನೆನಪಿಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮುಳ್ಳುಗಳು ನಾಟಿರುವುದು ಕೊಬ್ಬಿನ ತೆಳು ಹೊದಿಕೆಯಲ್ಲಿ. ವೈರಸ್ ಹಿಂದಿನ ಜೀವಕೋಶದಿಂದ ಹೊರಬರುವಾಗ ಅದರ ಪೊರೆಯನ್ನೇ ಸುತ್ತಿಕೊಂಡು ಬಂದಿರುತ್ತದೆ. ಸೋಪು ಕೆಲಸ ಮಾಡುವುದು ಇಲ್ಲೇ. ತುಪ್ಪದ ಪಾತ್ರೆಯ ಜಿಡ್ಡು ಸೋಪಿಗೆ ಹೇಗೆ ಬಿಡುತ್ತದೋ, ಈ ಹೊದಿಕೆಯೂ ಹಾಗೆಯೇ ಕರಗಿ ಒಡೆಯುತ್ತದೆ. ಹೊದಿಕೆ ಹೋದರೆ ಮುಳ್ಳೂ ಹೋಯಿತು, ಆ ವೈರಸ್ ಇನ್ನು ಯಾವ ಜೀವಕೋಶದೊಳಗೂ ಹೋಗಲಾರದು. ಅದಕ್ಕೇ ಹರಿಯುವ ನೀರಿನಲ್ಲಿ, ಸೋಪು ಹಾಕಿ, 15 ನಿಮಿಷ ತೊಳೆಯಬೇಕು ಅನ್ನುವುದು. ಹಲ್ಲು ಆಳಕ್ಕೆ ಇಳಿದಿದ್ದರೆ ಎಲ್ಲ ವೈರಸ್ ಸೋಪಿಗೆ ಸಿಗುವುದಿಲ್ಲ, ನಿಜ. ಆದರೂ ಎಷ್ಟು ಕಡಿಮೆ ಆದರೆ ಅಷ್ಟು ಒಳ್ಳೆಯದು ಅಲ್ವಾ? ಅರಿಶಿನಕ್ಕೋ ಖಾರದ ಪುಡಿಗೋ ಈ ಕೆಲಸ ಆಗುವುದಿಲ್ಲ. ಅವು ಗಾಯವನ್ನು ಇನ್ನಷ್ಟು ಕೆರಳಿಸುತ್ತವೆ.

ಪ್ರತಿ ವೈರಸ್‌ಗೂ ಹಿಡಿದುಕೊಳ್ಳಲು ತನ್ನದೇ ಆದ ಜಾಗ ಬೇಕು. ಎಚ್‌ಐವಿ ಕೆಲವು ಬಿಳಿ ರಕ್ತಕಣಗಳನ್ನೇ ಹುಡುಕಿ ಹಿಡಿಯುತ್ತದೆ. ರೇಬೀಸ್‌ಗೆ ಬೇಕಾದದ್ದು ನರ. ಸ್ನಾಯುವೂ ನರವೂ ಸೇರುವ ಕಡೆ, ನರದ ಸಂದೇಶ ಹಿಡಿಯಲೆಂದೇ ನಮ್ಮ ದೇಹ ಇಟ್ಟುಕೊಂಡಿರುವ ಪ್ರೋಟೀನ್‌ಗಳಿವೆ. ಮುಳ್ಳು ಅವಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಜೀವಕೋಶವೇ ಒಂದು ಸಣ್ಣ ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ನರದ ಉದ್ದಕ್ಕೂ ಸಾಮಾನು ಸಾಗಿಸುವ ವ್ಯವಸ್ಥೆ ಒಂದಿದೆ. ವೈರಸ್ ಅದರಲ್ಲೇ ಕೂತು ಬೆನ್ನುಹುರಿ ಕಡೆಗೆ, ದಿನಕ್ಕೆ ಕೆಲವು ಸೆಂಟಿಮೀಟರ್‌ನಂತೆ ಸಾಗುತ್ತದೆ. ಚೀಲದೊಳಗೆ ಆಮ್ಲ ಹೆಚ್ಚಾದಾಗ ಮುಳ್ಳಿನ ಆಕಾರ ಬದಲಾಗುತ್ತದೆ, ವೈರಸ್‌ನ ಹೊದಿಕೆ ಚೀಲದ ಪೊರೆಯ ಜೊತೆ ಬೆರೆತುಹೋಗುತ್ತದೆ, ಆರ್‌ಎನ್‌ಎ ಹೊರಗೆ ಬೀಳುತ್ತದೆ. ಅಲ್ಲಿಂದ ಮುಂದೆ ನಮ್ಮ ಜೀವಕೋಶ ತನ್ನ ಪ್ರೋಟೀನ್ ತಯಾರಿಸುವ ಜಾಗದಲ್ಲೇ ವೈರಸ್‌ನ ಪ್ರೋಟೀನ್‌ಗಳನ್ನೂ ತಯಾರಿಸಿಕೊಡುತ್ತದೆ. ಆ ಪ್ರೋಟೀನ್‌ಗಳು ಸೇರಿ ವೈರಸ್‌ನ ಆರ್‌ಎನ್‌ಎಯ ನಕಲು ತೆಗೆಯುವ ಜಾಗಗಳು ಮಿದುಳಿನ ಕೋಶಗಳಲ್ಲಿ ಚುಕ್ಕೆಗಳಾಗಿ ಕಾಣುತ್ತವೆ. ಇಟಲಿಯ ಅಡೆಲ್ಕಿ ನೆಗ್ರಿ 1903ರಲ್ಲಿ ಇವನ್ನು ಗುರುತಿಸಿದರು. ಆದ್ದರಿಂದ ಇವಕ್ಕೆ ನೆಗ್ರಿ ಬಾಡಿ ಅಂತಲೇ ಹೆಸರು.

ನರಕ್ಕೆ ಸೇರುವ ಮುಂಚೆ ವೈರಸ್ ಗಾಯದ ಹತ್ತಿರದ ಸ್ನಾಯುವಿನಲ್ಲಿ ಕೆಲವು ದಿನ, ಕೆಲವು ಸಲ ವಾರಗಟ್ಟಲೆ ಉಳಿಯಬಹುದು. ನಮಗೆ ಸಿಗುವ ಸಮಯ ಅದೇ. ಕಾಲಿಗೆ ಕಚ್ಚಿದರೆ ಮಿದುಳಿಗೆ ದಾರಿ ದೂರ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ಹತ್ತಿರ. ಲಕ್ಷಣ ಕಾಣಲು ಸಾಮಾನ್ಯವಾಗಿ 2-3 ತಿಂಗಳು ಹಿಡಿಯುತ್ತದೆ, ಆದರೆ ವಾರದಲ್ಲೇ ಕಂಡದ್ದೂ ಇದೆ. ನರದೊಳಗೆ ಹೊಕ್ಕ ವೈರಸ್ ರಕ್ತದಲ್ಲಿರುವ ಪ್ರತಿಕಾಯಗಳ, ಅಂದರೆ ರೋಗಾಣುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನ್‌ಗಳ, ಕೈಗೆ ಸಿಗುವುದಿಲ್ಲ. ಮಿದುಳು ಸೇರಿ, ನೀರು ಕಂಡರೆ ಗಂಟಲು ಹಿಡಿದುಕೊಳ್ಳುವ ಹಂತಕ್ಕೆ ಬಂದ ಮೇಲೆ ಬದುಕಿ ಉಳಿದವರು ಇಡೀ ಪ್ರಪಂಚದಲ್ಲೇ ತೀರಾ ಅಪರೂಪ.

ಈಗ ಇಂಜೆಕ್ಷನ್ ವಿಷಯ. ಲಸಿಕೆಯಲ್ಲಿರುವುದು ಸತ್ತ ವೈರಸ್. ಅದರ ಮುಳ್ಳನ್ನು ನೋಡಿ ನಮ್ಮ ದೇಹ ಪ್ರತಿಕಾಯ ತಯಾರಿಸಲು ಕಲಿಯುತ್ತದೆ. ಕಲಿಯಲು ಒಂದೆರಡು ವಾರ ಬೇಕು. ಅಷ್ಟು ದಿನ ಗಾಯದಲ್ಲಿರುವ ವೈರಸ್ ಕಾಯುತ್ತಾ ಕೂರುವುದಿಲ್ಲ. ಅದಕ್ಕೆ, ರಕ್ತ ಬಂದ ಗಾಯವಾದರೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧವಾಗಿರುವ ಪ್ರತಿಕಾಯವನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತೇವೆ. ನೋವಾಗುತ್ತದೆ, ಜನ ಬೇಡ ಅನ್ನುತ್ತಾರೆ. ದಯವಿಟ್ಟು ಬೇಡ ಅನ್ನಬೇಡಿ. ಆ ಪ್ರತಿಕಾಯ ಮುಳ್ಳಿನ ಮೇಲೆ ಕೂತರೆ ಮುಳ್ಳು ನರವನ್ನು ಹಿಡಿಯಲಾರದು. ಲಸಿಕೆಯ ಮೊದಲ ಡೋಸ್ ದಿನವೇ ಇದನ್ನು ಕೊಡಬೇಕು. ಅಂದು ಆಗದಿದ್ದರೆ 7 ದಿನದೊಳಗೆ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುವ ಭಯ ಈಗಲೂ ಹಳ್ಳಿಗಳಲ್ಲಿದೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ಭಾರತದಲ್ಲಿ 2005ರ ಹೊತ್ತಿಗೇ ಅದು ನಿಂತಿದೆ. ಈಗ ತೋಳಿಗೆ, ನಾಲ್ಕೈದು ಭೇಟಿಯಲ್ಲಿ ಮುಗಿಯುತ್ತದೆ. ನನಗೆ ಜಾಸ್ತಿ ಚಿಂತೆ ಮಕ್ಕಳದ್ದು. ಬೈತಾರೆ ಅಂತ ಹೆದರಿ ನಾಯಿ ಪರಚಿದ್ದನ್ನು ಮನೆಯಲ್ಲಿ ಹೇಳುವುದೇ ಇಲ್ಲ. ಹೇಳಿದ ಮಗುವಿಗೆ ಬೈಯಬೇಡಿ, ನೇರ ನಲ್ಲಿ ಹತ್ತಿರ ಕರೆದುಕೊಂಡು ಹೋಗಿ.

"ನಾಯಿ ಚೆನ್ನಾಗೇ ಇದೆಯಲ್ಲ ಡಾಕ್ಟ್ರೇ, 10 ದಿನ ನೋಡೋಣ ಅಂತಾರಲ್ಲ?" ಅಂತ ಕೇಳುತ್ತಾರೆ. ಆ 10 ದಿನಕ್ಕೂ ಕಾರಣವಿದೆ. ವೈರಸ್ ನಾಯಿಯ ಮಿದುಳಿನಲ್ಲಿ ಬೆಳೆದು, ಅಲ್ಲಿಂದ ನರಗಳ ಮೂಲಕವೇ ಜೊಲ್ಲಿನ ಗ್ರಂಥಿಗೆ ಬರುತ್ತದೆ. ಜೊಲ್ಲಿನಲ್ಲಿ ವೈರಸ್ ಇತ್ತು ಅಂದರೆ ಮಿದುಳು ಆಗಲೇ ಹೋಗಿದೆ, ಆ ನಾಯಿ 10 ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಆದರೆ ನಾಯಿಯನ್ನು ನೋಡುತ್ತಾ ಇಂಜೆಕ್ಷನ್ ತಡಮಾಡುವ ಹಾಗಿಲ್ಲ. ಕಚ್ಚಿದ ದಿನವೇ ಶುರು ಮಾಡಿ. 10 ದಿನ ಕಳೆದ ಮೇಲೂ ನಾಯಿ ಗಟ್ಟಿಯಾಗಿದ್ದರೆ, ಉಳಿದ ಡೋಸ್ ಬೇಕೋ ಬೇಡವೋ ಅಂತ ಆಗ ನಿಮ್ಮ ಡಾಕ್ಟರ್ ಹೇಳುತ್ತಾರೆ.