ಸೋರಿದ್ದು ಸಿಂಥೆಟಿಕ್ ಆಯಿಲ್ ತಪ್ಪಾ?

"ಹಳೇ ಇಂಜಿನ್ನಿಗೆ ಸಿಂಥೆಟಿಕ್ ಹಾಕಬೇಡಿ, ಸೋರೋಕೆ ಶುರುವಾಗುತ್ತೆ." ಈ ಮಾತು ಕೇಳದ ಹಳೇ ಕಾರಿನವರು ಕಡಿಮೆ. ಸಿಂಥೆಟಿಕ್ ಅಂದರೆ ರಾಸಾಯನಿಕ ವಿಧಾನದಲ್ಲಿ ತಯಾರಿಸಿದ ಇಂಜಿನ್ ಆಯಿಲ್. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರ ಹಿಂದಿನ ಕಾರಣ ಹಳೆಯದಾಗಿದೆ.

ಇಂಜಿನ್ನಿನಿಂದ ಆಯಿಲ್ ಹೊರಗೆ ಬರದಂತೆ ತಡೆಯೋದು ರಬ್ಬರ್ ಸೀಲ್‌ಗಳು. ಕಚ್ಚಾ ತೈಲ ಸಂಸ್ಕರಿಸಿ ಮಾಡುವ ಸಾದಾ ಮಿನರಲ್ ಆಯಿಲ್ ಈ ರಬ್ಬರನ್ನು ಸ್ವಲ್ಪ ಉಬ್ಬಿಸುತ್ತದೆ, ಸೀಲ್ ಬಿಗಿಯಾಗಿ ಕೂರುತ್ತದೆ. 1970ರ ದಶಕದಲ್ಲಿ ಪಾಲಿಆಲ್ಫಾಓಲಿಫಿನ್ ಎಂಬ ಪದಾರ್ಥದ ಸಿಂಥೆಟಿಕ್ ಆಯಿಲ್‌ಗಳು ಮಾರುಕಟ್ಟೆಗೆ ಬಂದವು. ಇದು ಒಂದಿಷ್ಟು ಬಗೆಯ ರಬ್ಬರನ್ನು ಕುಗ್ಗಿಸುತ್ತಿತ್ತು. ಆಮೇಲೆ ತಯಾರಕರು ಅದಕ್ಕೆ ರಬ್ಬರನ್ನು ಉಬ್ಬಿಸುವ ಗುಣದ ಎಸ್ಟರ್ ಎಂಬ ರಾಸಾಯನಿಕ ಬೆರೆಸಿದರು. ಲೆಕ್ಕ ಸರಿಹೋಯಿತು. ಹೆದರಿಕೆ ಮಾತ್ರ ಉಳಿಯಿತು.

ಹಾಗಾದರೆ ಈಗಲೂ ಕೆಲವು ಕಾರು ಸೋರುತ್ತವಲ್ಲ? ಆಯಿಲ್ ತುಂಬುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗಿನ ಲೋಹ ಜೇನಿನ ಬಣ್ಣಕ್ಕೆ ತಿರುಗಿದ್ದರೆ ಚಿಂತೆಯಿಲ್ಲ. ಕಪ್ಪು ಗ್ರೀಸಿನಂಥ ಕೆಸರು ಮೆತ್ತಿಕೊಂಡಿದ್ದರೆ ಸ್ವಲ್ಪ ಯೋಚಿಸಿ. ಎಷ್ಟೋ ಸಲ ಬಿರುಕುಬಿಟ್ಟ ಸೀಲಿಗೆ ಈ ಕೆಸರೇ ತೇಪೆ. ಹೊಸ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಅದನ್ನು ತೊಳೆದುಬಿಟ್ಟರೆ ಹಳೇ ಬಿರುಕು ಬಯಲಾಗುತ್ತದೆ. ಬೈಗುಳ ಮಾತ್ರ ಸಿಂಥೆಟಿಕ್‌ಗೆ!

ಇನ್ನೊಂದು ತಪ್ಪು ಕಲ್ಪನೆ, ಸಿಂಥೆಟಿಕ್ ಅಂದರೆ ತೆಳು ಅನ್ನೋದು. ಡಬ್ಬಿಯ ಮೇಲಿನ 20ಡಬ್ಲ್ಯೂ-50 ನೋಡಿ. ಡಬ್ಲ್ಯೂ ಅಂದರೆ ವಿಂಟರ್, ಚಳಿಯಲ್ಲಿ ಹೇಗೆ ಹರಿಯುತ್ತದೆ ಎಂಬುದರ ಸೂಚನೆ. 50 ಅನ್ನೋದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಗಟ್ಟಿತನದ ದರ್ಜೆ. ಮಿನರಲ್ ಆಗಲಿ ಸಿಂಥೆಟಿಕ್ ಆಗಲಿ, 50 ಅಂತ ಬರೆಯಬೇಕಾದರೆ ಆ ದರ್ಜೆಯೊಳಗೇ ಇರಬೇಕು. ಎಡವಟ್ಟಾಗೋದು 20ಡಬ್ಲ್ಯೂ-50 ತೆಗೆದು 5ಡಬ್ಲ್ಯೂ-30 ಸುರಿದಾಗ. ಬಿಸಿಯಲ್ಲಿ ಇದರ ಗಟ್ಟಿತನ ಹೆಚ್ಚುಕಡಿಮೆ ಅರ್ಧ. ಸವೆದ ಬೇರಿಂಗಿನ ಸಂದಿಯಲ್ಲಿ ಅದು ನಿಲ್ಲುವುದಿಲ್ಲ, ಆಯಿಲ್‌ನ ಒತ್ತಡ ಇಳಿಯುತ್ತದೆ. ಹಾಗಾಗಿ ನನ್ನ ಪ್ರಕಾರ ಮೊದಲು ಗ್ರೇಡ್ ನೋಡಬೇಕು, ಸಿಂಥೆಟಿಕ್ಕಾ ಮಿನರಲ್ಲಾ ಅನ್ನೋದು ಆಮೇಲೆ. (ಅಂದಹಾಗೆ, ಈಗಿನ ಎಷ್ಟೋ "ಸಿಂಥೆಟಿಕ್" ಆಯಿಲ್‌ಗಳು ಕಚ್ಚಾ ತೈಲವನ್ನೇ ಜಾಸ್ತಿ ಸಂಸ್ಕರಿಸಿ ಮಾಡಿದವು.)

ಸಿಂಥೆಟಿಕ್‌ನಿಂದ ನಿಜವಾದ ಲಾಭ ಚಳಿಯ ಬೆಳಗ್ಗೆ ಕಾಣುತ್ತದೆ. ಮಿನರಲ್‌ನಲ್ಲಿ ಉಳಿದ ಮೇಣ ತಂಪಿಗೆ ಹೆಪ್ಪುಗಟ್ಟುತ್ತದೆ. ಸಿಂಥೆಟಿಕ್ ಬೇಗ ಇಂಜಿನ್ನಿನ ಮೇಲ್ಭಾಗಕ್ಕೆ ತಲುಪುತ್ತದೆ. ಬಿಸಿಯಲ್ಲೂ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ.

ತುಂಬಾ ಹಳೇ ಇಂಜಿನ್‌ಗಳದ್ದು ಬೇರೆಯೇ ಕತೆ. ಅವುಗಳಲ್ಲಿ ವಾಲ್ವ್ ತೆರೆಯಲು ತಳ್ಳುವ ಚಪ್ಪಟೆ ಟ್ಯಾಪೆಟ್, ತನ್ನನ್ನು ಎತ್ತುವ ತಿರುಗುವ ಉಬ್ಬಿನ (ಕ್ಯಾಮ್) ಮೇಲೆ ನೇರವಾಗಿ ಉಜ್ಜುತ್ತದೆ. ಅದನ್ನು ಕಾಪಾಡೋದು ಸತು ಮತ್ತು ರಂಜಕದ ಒಂದು ಸಂಯುಕ್ತ. ರಂಜಕ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ ಎಂದು ಹೊಸ ದರ್ಜೆಯ ತೆಳು ಪೆಟ್ರೋಲ್ ಆಯಿಲ್‌ಗಳಲ್ಲಿ ಅದಕ್ಕೆ ಶೇಕಡಾ 0.08ರ ಮಿತಿ ಇದೆ. ಇಂಥ ಇಂಜಿನ್ನಿಗೆ ಸತು ಜಾಸ್ತಿ ಇರುವ ಸಾದಾ ಆಯಿಲ್ಲೇ ವಾಸಿ.

ಹೊಗೆ ಕಾರುತ್ತಾ ವಾರಕ್ಕೊಮ್ಮೆ ಆಯಿಲ್ ಕೇಳುವ ಇಂಜಿನ್ನಿಗೂ ಸುಮ್ನೆ ದುಬಾರಿ ಆಯಿಲ್ ಯಾಕೆ, ಅಲ್ವಾ?

ಸಿಂಥೆಟಿಕ್‌ಗೆ ಬದಲಾದರೆ ಮೊದಲ ಸಲ ಆಯಿಲ್ ಮತ್ತು ಫಿಲ್ಟರ್ ಬೇಗ ಬದಲಿಸಿ, ಕರಗಿದ ಕೆಸರು ಅಲ್ಲೇ ಸೇರಿರುತ್ತದೆ. ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಗ್ಗೆ ಹನಿ ಬಿದ್ದಿದ್ದರೆ, ಅದು ಬಿದ್ದ ಜಾಗ ನೋಡಿಕೊಂಡು ಸೀಲ್ ಹುಡುಕಬಹುದು.